ಬಳ್ಳಾರಿ ಸೀಮೆಯಲ್ಲಿ ಸಾವಯವ ಮಣ್ಣು ಸುಧಾರಣೆ

ಗಿಡಮರಗಳ ಸೊಪ್ಪು, ಬೆಳೆಯ ಉಳಿಕೆ, ದನಕರುಗಳ ಸಗಣಿ, ಗಂಜಲ, ಕುರಿಹಿಕ್ಕೆ ಮೊದಲಾದ ಜೈವಿಕ ವಸ್ತುಗಳನ್ನು ಕೊಳೆಸಿಯೋ ಹಸಿಯಾಗಿಯೋ ಭೂಮಿಗೆ ಸೇರಿಸಿ, ಮಣ್ಣಿನ ಇಂಗಾಲ, ರಚನೆ, ಸೂಕ್ಷ್ಮಜೀವಿಗಳ ಚಟುವಟಿಕೆ ಮತ್ತು ನೀರು ಹಿಡಿಯುವ ಶಕ್ತಿಯನ್ನು ಹೆಚ್ಚಿಸುವ ಕೃಷಿ ಕ್ರಮಕ್ಕೆ ಸಾವಯವ ಮಣ್ಣು ಸುಧಾರಣೆ ಎಂದು ಹೆಸರು. ಬಳ್ಳಾರಿ ನಗರದ ಸುತ್ತಲಿನ ಬಯಲು, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳಲ್ಲಿ ಈ ಕೆಲಸಕ್ಕೆ ಎರಡು ಮುಖಗಳಿವೆ. ತುಂಗಭದ್ರಾ ಕಾಲುವೆಯ ಭತ್ತದ ಗದ್ದೆಗಳಲ್ಲಿ ಹುಲ್ಲು ಮಿಕ್ಕಿ ಬೆಂಕಿಗೆ ಬೀಳುತ್ತದೆ. ಅಲ್ಲಿಂದ ಹತ್ತಾರು ಕಿಲೋಮೀಟರ್ ಆಚೆಯ ಮಳೆಯಾಶ್ರಿತ ಎರೆ ಹೊಲಗಳಿಗೆ ಹಾಕಲು ಗೊಬ್ಬರ ಸಾಲದು. ಒಂದು ಕಡೆ ನೀರು ಹೆಚ್ಚಾಗಿ ಮಣ್ಣು ಸವಳಾಗಿದೆ, ಇನ್ನೊಂದು ಕಡೆ ನೀರಿಲ್ಲದೆ ಸೊರಗಿದೆ. ಆದ್ದರಿಂದ ಇಲ್ಲಿ ಗೊಬ್ಬರದ ಮಾತು ನೀರಿನ ಮಾತನ್ನು ಬಿಟ್ಟು ನಡೆಯುವುದಿಲ್ಲ.

ನೆಲ ಮತ್ತು ಹವೆ

2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಯಲ್ಲಿ ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಎಂಬ ಐದು ತಾಲ್ಲೂಕುಗಳು ಉಳಿದಿವೆ. ಕುರುಗೋಡು ಮೊದಲು ಬಳ್ಳಾರಿ ತಾಲ್ಲೂಕಿಗೆ ಸೇರಿತ್ತು. ಸಂಡೂರಿನ ಗುಡ್ಡಸಾಲನ್ನು ಬಿಟ್ಟರೆ ಸೀಮೆಯ ಬಹುಭಾಗ ಬಯಲು. ನಡುನಡುವೆ ಬಳ್ಳಾರಿ ಮತ್ತು ಕುರುಗೋಡಿನ ಕೋಟೆಗುಡ್ಡಗಳಂಥ ಬೋಳು ಬಂಡೆಗುಡ್ಡಗಳು ಎದ್ದು ನಿಂತಿವೆ. ಉತ್ತರಕ್ಕೆ ತುಂಗಭದ್ರೆ ಹರಿಯುತ್ತದೆ. ವೇದಾವತಿ ಇಲ್ಲಿ ಹಗರಿ ಎನಿಸಿಕೊಂಡು ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಕೂಡುತ್ತದೆ.

ಇದು ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿದ ಪ್ರದೇಶ. ವರ್ಷದ ಸರಾಸರಿ ಮಳೆ 500 ಮಿ.ಮೀ. ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಸುತ್ತಮುತ್ತ ಕೆಲವೇ ರಭಸದ ಮಳೆಗಳಲ್ಲಿ ಬಿದ್ದು ಹೋಗುತ್ತದೆ. ಬೇಸಿಗೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ರೈತರು ಇಲ್ಲಿನ ಮಣ್ಣನ್ನು ಮುಖ್ಯವಾಗಿ ಎರೆ ಮತ್ತು ಮಸಾರಿ ಎಂದು ಎರಡಾಗಿ ವಿಂಗಡಿಸುತ್ತಾರೆ. ಎರೆ ಕಪ್ಪು ಜೇಡಿಮಣ್ಣು. ನೀರು ಕುಡಿದಾಗ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಕೈ ಇಳಿಯುವಷ್ಟು ಅಗಲಕ್ಕೆ ಬಿರಿಯುತ್ತದೆ. ಉಬ್ಬಿ ಕುಗ್ಗುವ ಸ್ಮೆಕ್ಟೈಟ್ ಜಾತಿಯ ಜೇಡಿ ಇದಕ್ಕೆ ಕಾರಣ. ಸುಣ್ಣದ ಅಂಶ ಹೆಚ್ಚು, ರಸಸಾರ ಸಾಮಾನ್ಯವಾಗಿ 8ರ ಮೇಲೆ, ಸತುವಿನ ಕೊರತೆ ವ್ಯಾಪಕ. ಮಸಾರಿ ಕೆಂಪು ಮಣ್ಣು. ಗುಡ್ಡಗಳ ಬುಡದಲ್ಲಿ ಹೆಚ್ಚು. ಆಳ ಕಡಿಮೆ, ನೀರು ನಿಲ್ಲದು.

ಎರಡೂ ಮಣ್ಣಿಗೆ ಇರುವ ಸಮಾನ ದೋಷ ಸಾವಯವ ಇಂಗಾಲದ ಕೊರತೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆಯಿದ್ದರೆ ‘ಕಡಿಮೆ’, 0.5ರಿಂದ 0.75ರವರೆಗೆ ‘ಮಧ್ಯಮ’, ಅದಕ್ಕಿಂತ ಮೇಲೆ ‘ಹೆಚ್ಚು’ ಎಂದು ಬರೆಯುತ್ತಾರೆ. ಒಣ ವಲಯದ ಹೊಲಗಳು ಬಹುಪಾಲು ಮೊದಲ ಸಾಲಿನಲ್ಲಿಯೇ ಬರುತ್ತವೆ. ಬಿಸಿಲು ಹೆಚ್ಚಿದಷ್ಟೂ ಸೂಕ್ಷ್ಮಜೀವಿಗಳು ಸಾವಯವ ಅಂಶವನ್ನು ಬೇಗ ತಿಂದು ಮುಗಿಸುವುದರಿಂದ ಹಾಕಿದ ಗೊಬ್ಬರದ ಇಂಗಾಲದಲ್ಲಿ ಬಹುಭಾಗ ಗಾಳಿಗೆ ಸೇರುತ್ತದೆ. ಒಂದು ಹೆಕ್ಟೇರಿನ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 2,000 ಟನ್. ಅದರಲ್ಲಿ ಇಂಗಾಲವನ್ನು ಶೇ 0.4ರಿಂದ 0.5ಕ್ಕೆ ಏರಿಸಬೇಕಾದರೆ 2 ಟನ್ ಇಂಗಾಲ ಮಣ್ಣಿನಲ್ಲಿಯೇ ಉಳಿಯಬೇಕು. ಒಂದೆರಡು ವರ್ಷ ಗೊಬ್ಬರ ಹಾಕಿ ಫಲ ಕಾಣಲಿಲ್ಲವೆಂದು ಕೈಬಿಡುವವರಿಗೆ ಈ ಲೆಕ್ಕ ಉತ್ತರ ಕೊಡುತ್ತದೆ.

ಹಿನ್ನೆಲೆ

ಸಗಣಿಗೂ ಈ ನೆಲಕ್ಕೂ ಇರುವ ನಂಟು ನವಶಿಲಾಯುಗದಷ್ಟು ಹಳೆಯದು. ಬಳ್ಳಾರಿ–ಹೊಸಪೇಟೆ ದಾರಿಯ ಕುಡತಿನಿ, ಬಳ್ಳಾರಿ ಪಕ್ಕದ ಸಂಗನಕಲ್ಲು ಮತ್ತು ಕುಪ್ಪಗಲ್ಲು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಆ ಕಾಲದ ಹೆಸರಾಂತ ನೆಲೆಗಳು. ಕುಡತಿನಿಯಲ್ಲಿರುವಂಥ ಬೂದಿದಿಬ್ಬಗಳನ್ನು ಜನ ಪುರಾಣದೊಡನೆ ಬೆಸೆದಿದ್ದಾರೆ. ಹಂಪಿ ಬಳಿಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿ ಎಂಬ ನಂಬಿಕೆ ಇಂದಿಗೂ ಇದೆ. ಇವು ದನದ ಸಗಣಿ ಸುಟ್ಟು ಉಂಟಾದ ದಿಬ್ಬಗಳೆಂದು 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದರು. 1963ರಲ್ಲಿ ಪ್ರಕಟವಾದ ಪುರಾತತ್ತ್ವಜ್ಞ ಎಫ್.ಆರ್. ಆಲ್‌ಚಿನ್ ಅವರ ಗ್ರಂಥ ಇದನ್ನು ವಿಸ್ತಾರವಾಗಿ ಸ್ಥಾಪಿಸಿತು. ನಾಲ್ಕೈದು ಸಾವಿರ ವರ್ಷಗಳ ಹಿಂದಿನ ಈ ದನಗಾಹಿಗಳು ದೊಡ್ಡಿಯ ಸಗಣಿಯನ್ನು ಕೂಡಿಟ್ಟು ಮತ್ತೆ ಮತ್ತೆ ಸುಡುತ್ತಿದ್ದರು. ಸಂಗನಕಲ್ಲಿನಲ್ಲಿ ಸಿಕ್ಕ ಕಾಳಿನ ಅವಶೇಷಗಳಲ್ಲಿ ಕೊರಲೆ, ಹುರುಳಿ ಮತ್ತು ಹೆಸರು ಮುಖ್ಯವಾದವು. ಮಳೆ ಕಡಿಮೆಯ ಈ ನೆಲಕ್ಕೆ ಒಗ್ಗಿದ ಬೆಳೆಗಳೆಂದು ಕೃಷಿ ವಿಜ್ಞಾನಿಗಳು ಇಂದು ಹೇಳುವುದೂ ಇವುಗಳನ್ನೇ.

ನೀರಾವರಿಯೂ ಹೊಸದಲ್ಲ. ವಿಜಯನಗರ ಕಾಲದಲ್ಲಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟುಗಳಿಂದ ಹೊರಟ ಕಾಲುವೆಗಳಲ್ಲಿ ಕಂಪ್ಲಿ, ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳು ಇಂದಿಗೂ ಹರಿಯುತ್ತಿವೆ. ನದಿಯಂಚಿನ ಈ ಕಿರಿದಾದ ಪಟ್ಟಿಯ ಆಚೆಗೆ ಮಾತ್ರ ಬರ ಕಾಯಂ ಆಗಿತ್ತು. 1876–78ರ ಮಹಾಕ್ಷಾಮ ಬಳ್ಳಾರಿಯನ್ನು ತೀವ್ರವಾಗಿ ಹಿಂಡಿತು. ಅದಕ್ಕೂ ಮೊದಲೇ, 1860ರಲ್ಲಿ, ಬ್ರಿಟಿಷ್ ಎಂಜಿನಿಯರ್ ಸರ್ ಆರ್ಥರ್ ಕಾಟನ್ ತುಂಗಭದ್ರೆಗೆ ದೊಡ್ಡ ಜಲಾಶಯ ಕಟ್ಟುವ ಸಲಹೆ ಮುಂದಿಟ್ಟಿದ್ದರು.

ಮದ್ರಾಸ್ ಸರ್ಕಾರದ ಕಾಲದಲ್ಲಿ, 1906ರಲ್ಲಿ, ಹಗರಿ ಎಂಬ ಊರಿನಲ್ಲಿ ಕೃಷಿ ಸಂಶೋಧನಾ ಕ್ಷೇತ್ರ ಆರಂಭವಾಯಿತು. 1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ರಾಯಚೂರುಗಳ ಜೊತೆಗೆ ಹಗರಿಯೂ ಒಣಬೇಸಾಯ ಸಂಶೋಧನೆಯ ಕೇಂದ್ರವಾಯಿತು. ಬರಲಿರುವ ತುಂಗಭದ್ರಾ ಯೋಜನೆಯ ನೀರನ್ನು ಎರೆಮಣ್ಣು ತಾಳಿಕೊಳ್ಳಬಲ್ಲುದೇ ಎಂದು ಅರಿಯಲು 1937ರಲ್ಲಿ ಸಿರುಗುಪ್ಪದಲ್ಲಿ ಇನ್ನೊಂದು ಸಂಶೋಧನಾ ಕೇಂದ್ರ ತೆರೆಯಿತು. ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ಮುಗಿಯಿತು. ಮರುವರ್ಷ, 1954ರಲ್ಲಿ, ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೇಂದ್ರೀಯ ಸಂಶೋಧನಾ ಕೇಂದ್ರವೂ ಬಳ್ಳಾರಿಗೆ ಬಂತು.

ಕಾಲುವೆ ಬಂದ ಮೇಲೆ

ಬಲದಂಡೆಯ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳು ಬಳ್ಳಾರಿ ಸೀಮೆಗೆ ನೀರುಣಿಸಿ ಆಂಧ್ರಪ್ರದೇಶದೊಳಗೆ ಸಾಗುತ್ತವೆ. ಬರಪೀಡಿತ ನೆಲವನ್ನು ಆದಷ್ಟು ಹೆಚ್ಚು ಮುಟ್ಟಬೇಕೆಂಬುದು ಯೋಜನೆಯ ಉದ್ದೇಶವಾದ್ದರಿಂದ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೇ ಹೆಚ್ಚು ಜಮೀನು ಗೊತ್ತುಮಾಡಿ ಭತ್ತಕ್ಕೆ ಸಣ್ಣ ಪಾಲು ಇಡಲಾಗಿತ್ತು. ನಡೆದದ್ದು ಬೇರೆ. ಕರಾವಳಿ ಆಂಧ್ರದಿಂದ ಬಂದ ರೈತರು ಜಮೀನು ಕೊಂಡು ‘ಕ್ಯಾಂಪು’ಗಳನ್ನು ಕಟ್ಟಿಕೊಂಡು ಭತ್ತದ ಬೇಸಾಯ ಹಬ್ಬಿಸಿದರು, ಸ್ಥಳೀಯರೂ ಅದೇ ದಾರಿ ಹಿಡಿದರು. ಕಾಲುವೆಯ ಮೇಲ್ಭಾಗದವರು ವರ್ಷಕ್ಕೆ ಎರಡು ಬೆಳೆ ತೆಗೆದರೆ ಕೊನೆಯ ಭಾಗದವರು ಒಂದಕ್ಕೂ ಪರದಾಡುವ ಪರಿಸ್ಥಿತಿ ಬಂತು. ಸಿರುಗುಪ್ಪ ಅಕ್ಕಿ ಗಿರಣಿಗಳ ಊರಾಯಿತು. ಇಲ್ಲಿನ ಸೋನಾಮಸೂರಿಗೆ ದೂರದ ಪೇಟೆಗಳಲ್ಲೂ ಹೆಸರು ಬಂತು.

ಭತ್ತದ ಜೊತೆಗೆ ಯೂರಿಯಾ, ಡಿಎಪಿ ಬಳಕೆ ಏರಿತು. ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂದು ಮನೆಮುಂದಿನ ತಿಪ್ಪೆ ಕರಗಿತು. ಸಾರಜನಕ ಮಿತಿಮೀರಿದ ಗದ್ದೆಯಲ್ಲಿ ಪೈರು ಮೆತ್ತಗೆ ಕಡುಹಸಿರಾಗಿ ಬೆಳೆದು ಕಂದು ಜಿಗಿಹುಳುವಿಗೆ ಸುಲಭದ ತುತ್ತಾಗುತ್ತದೆ. ಆಗ ಕೀಟನಾಶಕದ ಖರ್ಚು ಏರುತ್ತದೆ. ಸಿಂಪಡಣೆಯಲ್ಲಿ ಹುಳು ತಿನ್ನುವ ಜೇಡಗಳೂ ಸಾಯುವುದರಿಂದ ಜಿಗಿಹುಳು ಮತ್ತೆ ಏಳುತ್ತದೆ.

ಜಲಾಶಯಕ್ಕೂ ಮಣ್ಣಿನ ಸಮಸ್ಯೆ ತಟ್ಟಿದೆ. ಮೊದಲು 133 ಟಿಎಂಸಿ ಅಡಿಯಿದ್ದ ಅದರ ಸಂಗ್ರಹ ಸಾಮರ್ಥ್ಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ತುಂಬಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಎರಡನೇ ಬೆಳೆಗೆ ನೀರು ಖಾತ್ರಿಯಿಲ್ಲದ ಇಂಥ ದಿನಗಳಲ್ಲಿ, ಬಂದ ನೀರನ್ನು ಹಿಡಿದಿಡುವ ಮಣ್ಣಿನ ಬೆಲೆ ಹೆಚ್ಚಾಗಿದೆ.

ಸವಳು–ಜವಳು

ತುಂಗಭದ್ರಾ ಅಚ್ಚುಕಟ್ಟಿನ ಕರ್ನಾಟಕ ಭಾಗ ಸುಮಾರು 3.6 ಲಕ್ಷ ಹೆಕ್ಟೇರ್. ಅದರಲ್ಲಿ ಸುಮಾರು 96,000 ಹೆಕ್ಟೇರ್ ಸವಳು–ಜವಳಿಗೆ ತುತ್ತಾಗಿದೆ ಎಂಬುದು ಸಂಶೋಧನಾ ವರದಿಗಳಲ್ಲಿ ಬರುವ ಅಂದಾಜು. ಬಸಿದು ಹೋಗಲು ದಾರಿಯಿಲ್ಲದ ಎರೆಭೂಮಿಗೆ ವರ್ಷವಿಡೀ ನೀರು ನಿಲ್ಲಿಸಿದರೆ ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ. ನೀರು ಬಿಸಿಲಿಗೆ ಆವಿಯಾಗಿ ಲವಣ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಬೆಳ್ಳಗೆ ಉಪ್ಪು ಹೂತ ತಗ್ಗಿನ ಗದ್ದೆಗಳಲ್ಲಿ ಮೊದಲು ಇಳುವರಿ ಕುಸಿಯುತ್ತದೆ, ಆಮೇಲೆ ಸಸಿಯೇ ಹಿಡಿಯುವುದಿಲ್ಲ.

ಲವಣದ ಜಾತಿ ನೋಡಿ ಮದ್ದು ಮಾಡಬೇಕು. ಲವಣಾಂಶ ಮಾತ್ರ ಹೆಚ್ಚಿರುವ ಭೂಮಿಯನ್ನು ಸಿಹಿನೀರು ಹಾಯಿಸಿ ಬಸಿಗಾಲುವೆಯ ಮೂಲಕ ತೊಳೆಯಬಹುದು. ಸೋಡಿಯಂ ಜೇಡಿಯ ಕಣಗಳಿಗೆ ಅಂಟಿಕೊಂಡು ರಸಸಾರ 8.5 ದಾಟಿದ ಕ್ಷಾರಭೂಮಿಯಲ್ಲಿ ಬರೀ ನೀರು ಕೆಲಸ ಮಾಡದು. ಕಣಗಳು ಚದುರಿ ರಂಧ್ರಗಳು ಮುಚ್ಚಿಕೊಂಡು ನೀರು ಕೆಳಗಿಳಿಯುವುದೇ ಇಲ್ಲ. ಆಗ ಮಣ್ಣು ಪರೀಕ್ಷೆಯ ಪ್ರಕಾರ ಜಿಪ್ಸಂ ಹಾಕಿ ಕ್ಯಾಲ್ಸಿಯಂ ಒದಗಿಸಬೇಕು. ಸಾವಯವ ವಸ್ತು ನೆರವಾಗುವುದು ಈ ಹಂತದಲ್ಲಿ. ಅದು ಕೊಳೆಯುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲಗಳು ಮಣ್ಣಿನಲ್ಲಿಯೇ ಇರುವ ಸುಣ್ಣವನ್ನು ಕರಗಿಸುತ್ತವೆ. ಬಿಡುಗಡೆಯಾದ ಕ್ಯಾಲ್ಸಿಯಂ ಸೋಡಿಯಮ್ಮನ್ನು ಜೇಡಿಯಿಂದ ಕಿತ್ತು ನೀರಿಗೆ ಬಿಡುತ್ತದೆ. ಹೀಗೆ ಬಿಡುಗಡೆಯಾದ ಸೋಡಿಯಂ ಹೊಲದಿಂದ ಹೊರಹೋಗಲು ಬಸಿಗಾಲುವೆ ಇರಲೇಬೇಕು. ಇಲ್ಲದಿದ್ದರೆ ಎಷ್ಟು ಗೊಬ್ಬರ ಹಾಕಿದರೂ ಅದು ಅಲ್ಲಿಯೇ ಸುತ್ತುತ್ತದೆ. ಅಚ್ಚುಕಟ್ಟಿನ ಸವಳುಭೂಮಿಯ ಕುರಿತು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ದೀರ್ಘಕಾಲದಿಂದ ಅಧ್ಯಯನ ನಡೆದಿದೆ. ನೆಲದೊಳಗೆ ತೂತಿನ ಕೊಳವೆ ಹೂತು ನೀರು ಬಸಿಯುವ ಪದ್ಧತಿಯೂ ಅಲ್ಲಿ ಪರೀಕ್ಷೆಗೊಂಡಿದೆ.

ಹಸಿರೆಲೆ ಗೊಬ್ಬರ

ಕಾಲುವೆ ನೆಲಕ್ಕೆ ಹೆಚ್ಚು ಹೊಂದುವ ಹಸಿರೆಲೆ ಬೆಳೆ ಡಯಾಂಚ. ಕ್ಷಾರವನ್ನೂ ನಿಂತ ನೀರನ್ನೂ ಅದು ತಾಳಿಕೊಳ್ಳುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಮೊದಲ ಮಳೆಗೋ ಕಾಲುವೆಯ ಮೊದಲ ನೀರಿಗೋ ಎಕರೆಗೆ ಸುಮಾರು 20 ಕಿಲೋ ಬೀಜ ಎರಚಿದರೆ 45ರಿಂದ 50 ದಿನಗಳಲ್ಲಿ ಎದೆಮಟ್ಟ ಬರುತ್ತದೆ. ಹೂ ಬಿಡುವ ಮೊದಲು ಕಾಂಡ ಇನ್ನೂ ಮೆತ್ತಗಿರುವಾಗಲೇ ಮುರಿಯಬೇಕು. ಗದ್ದೆಗೆ ನೀರು ಕಟ್ಟಿ, ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರ್ ಎರಡು ಸಲ ಅಡ್ಡ–ಉದ್ದ ಓಡಿದರೆ ಗಿಡ ಕೆಸರಿನಲ್ಲಿ ಹೂತುಹೋಗುತ್ತದೆ. ಒಂದು ವಾರ ಕಳೆದು ನಾಟಿ ಮಾಡುತ್ತಾರೆ. ಒಳ್ಳೆಯ ಡಯಾಂಚ ಬೆಳೆ ಹೆಕ್ಟೇರಿಗೆ 15ರಿಂದ 20 ಟನ್ ಹಸಿಸೊಪ್ಪು ಮತ್ತು 60ರಿಂದ 100 ಕಿಲೋ ಸಾರಜನಕ ಕೊಡುತ್ತದೆ. ತಡಮಾಡಿ ಹೂಕಾಯಿ ಬಂದಮೇಲೆ ಮುರಿದರೆ ಕಾಂಡ ಕಟ್ಟಿಗೆಯಾಗಿ ಕೊಳೆಯಲು ತಿಂಗಳುಗಟ್ಟಲೆ ಬೇಕು, ನಾಟಿ ಮಾಡುವವರ ಕಾಲಿಗೂ ಚುಚ್ಚುತ್ತದೆ.

ಮಳೆಯಾಶ್ರಿತ ಎರೆಯಲ್ಲಿ ಮುಂಗಾರಿಗೆ ಹೊಲ ಖಾಲಿ ಬಿಟ್ಟು ಹಿಂಗಾರಿಗೆ ಬಿಳಿಜೋಳ ಅಥವಾ ಕಡಲೆ ಬಿತ್ತುವುದು ವಾಡಿಕೆ. ಜೂನ್–ಜುಲೈನಲ್ಲಿ ಹದ ಸಿಕ್ಕ ವರ್ಷ ಈ ಖಾಲಿ ಅವಧಿಗೆ ಸೆಣಬು ಇಲ್ಲವೆ ಹೆಸರು ಬಿತ್ತಿ, ಸೆಣಬನ್ನು ಹಸಿಯಾಗಿಯೂ ಹೆಸರನ್ನು ಕಾಯಿ ಬಿಡಿಸಿಕೊಂಡ ಮೇಲೆಯೂ ಮಣ್ಣಿಗೆ ಸೇರಿಸಬಹುದು. ಸೇರಿಸುವುದು ತಡವಾದರೆ ಹಿಂಗಾರಿ ಬೆಳೆಯ ಪಾಲಿನ ತೇವವನ್ನು ಸೊಪ್ಪೇ ಕುಡಿದುಬಿಡುತ್ತದೆ. ಬದುಗಳ ಮೇಲೆ ಬೆಳೆಸಿದ ಗ್ಲಿರಿಸಿಡಿಯಾ, ಹೊಂಗೆ ಮತ್ತು ಬೇವು ವರ್ಷಕ್ಕೆ ಎರಡು–ಮೂರು ಬಾರಿ ಸೊಪ್ಪು ಕೊಡುತ್ತವೆ. ಹೊಲದ ಒಂದು ಸಾಲನ್ನೂ ಕೇಳುವುದಿಲ್ಲ.

ಭತ್ತದ ಹುಲ್ಲು

ಸಿರುಗುಪ್ಪ ಭಾಗದಲ್ಲಿ ಭತ್ತವನ್ನು 75 ಕಿಲೋ ಚೀಲದ ಲೆಕ್ಕದಲ್ಲಿ ಅಳೆಯುತ್ತಾರೆ. ಎಕರೆಗೆ 35 ಚೀಲ ಬಂದರೆ ಕಾಳು ಸುಮಾರು 2.6 ಟನ್, ಹುಲ್ಲೂ ಹೆಚ್ಚುಕಡಿಮೆ ಅಷ್ಟೇ. ಒಂದು ಟನ್ ಹುಲ್ಲಿನಲ್ಲಿ 5ರಿಂದ 8 ಕಿಲೋ ಸಾರಜನಕ, 12ರಿಂದ 17 ಕಿಲೋ ಪೊಟ್ಯಾಸಿಯಂ ಮತ್ತು 40ರಿಂದ 70 ಕಿಲೋ ಸಿಲಿಕಾನ್ ಇರುತ್ತದೆ. ಬೆಂಕಿಯಿಟ್ಟರೆ ಸಾರಜನಕ ಬಹುತೇಕ ಪೂರ್ತಿ, ರಂಜಕ ನಾಲ್ಕನೇ ಒಂದು ಭಾಗ, ಪೊಟ್ಯಾಸಿಯಂ ಐದನೇ ಒಂದು ಭಾಗ ನಷ್ಟವಾಗುತ್ತದೆ. ಹಾಗೆಂದರೆ ಒಂದು ಎಕರೆ ಕೂಳೆ ಸುಟ್ಟ ರೈತ 45 ಕಿಲೋ ತೂಕದ ಒಂದು ಚೀಲ ಯೂರಿಯಾಕ್ಕೆ ಹತ್ತಿರದಷ್ಟು ಸಾರಜನಕವನ್ನು ಹೊಗೆಗೆ ಬಿಟ್ಟಂತಾಯಿತು. ಯೂರಿಯಾದಲ್ಲಿ ಸಿಗದ ಇಂಗಾಲದ ನಷ್ಟ ಬೇರೆ.

ಯಂತ್ರದ ಕಟಾವು ಸುಡುವುದನ್ನು ಹೆಚ್ಚಿಸಿದೆ. ಕೈಯಲ್ಲಿ ಕೊಯ್ದಾಗ ಹುಲ್ಲು ಮೆದೆ ಸೇರುತ್ತಿತ್ತು. ಯಂತ್ರ ಅದನ್ನು ಗದ್ದೆಯ ತುಂಬ ಚೆಲ್ಲುತ್ತದೆ, ಬೇಸಿಗೆ ಬೆಳೆಗೆ ಅವಸರವಿದ್ದವರು ಕಡ್ಡಿ ಗೀರುತ್ತಾರೆ. ಬೇಲರ್ ಯಂತ್ರ ಹುಲ್ಲನ್ನು ಉಂಡೆ ಕಟ್ಟುವುದರಿಂದ ಮೇವಿಗೆ ಸಾಗಿಸುವುದು ಸುಲಭ. ಇನ್ನೊಂದು ದಾರಿ ಗದ್ದೆಯಂಚಿನಲ್ಲಿಯೇ ಕಾಂಪೋಸ್ಟ್ ಮಾಡುವುದು. ಹುಲ್ಲಿನಲ್ಲಿ ಸಾರಜನಕಕ್ಕೆ ಹೋಲಿಸಿದರೆ ಇಂಗಾಲ 60–80 ಪಟ್ಟು ಹೆಚ್ಚು. ಅದನ್ನು ಹಾಗೆಯೇ ಹೂತರೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಎಳೆದುಕೊಂಡು ಪೈರು ಹಳದಿಯಾಗುತ್ತದೆ. ಅದಕ್ಕಾಗಿ ಅರ್ಧ ಅಡಿ ಹುಲ್ಲಿನ ಪದರದ ಮೇಲೆ ಸಗಣಿ ರಾಡಿ, ಅದರ ಮೇಲೆ ಹಸಿಸೊಪ್ಪು, ಮೇಲೊಂದಿಷ್ಟು ಹೊಲದ ಮಣ್ಣು, ಹೀಗೆ ನಾಲ್ಕಡಿ ಎತ್ತರಕ್ಕೆ ಪೇರಿಸಬೇಕು. ತೇವ ಹಿಂಡಿದ ಬಟ್ಟೆಯಷ್ಟಿರಬೇಕು. ಮೂರು ದಿನದಲ್ಲಿ ಗುಡ್ಡೆಯೊಳಗೆ ಕೈಯಿಡಲಾಗದಷ್ಟು ಕಾವು ಏರಿದರೆ ಕೆಲಸ ಸರಿಯಾಗಿ ನಡೆದಿದೆ ಎಂದರ್ಥ. ಕಳೆಬೀಜ, ರೋಗಾಣು ಆ ಕಾವಿಗೆ ಸಾಯುತ್ತವೆ. ಮೂರು ವಾರಕ್ಕೊಮ್ಮೆ ಮಗುಚಿದರೆ ಮೂರ್ನಾಲ್ಕು ತಿಂಗಳಲ್ಲಿ ಪುಡಿಗೊಬ್ಬರ ಸಿಗುತ್ತದೆ.

ಹಸಿ ಹುಲ್ಲನ್ನು ನೀರು ನಿಂತ ಗದ್ದೆಗೆ ತುಳಿದರೆ ಗಾಳಿಯಿಲ್ಲದೆ ಕೊಳೆತು ಮೀಥೇನ್ ಹೊರಬೀಳುತ್ತದೆ. ಇದು ಭೂಮಿಯ ತಾಪ ಏರಿಸುವ ಅನಿಲ. ಹುಲ್ಲನ್ನು ಮೊದಲು ಕಾಂಪೋಸ್ಟ್ ಮಾಡಿಕೊಂಡು, ಗದ್ದೆಗೆ ನೀರನ್ನು ಕಟ್ಟಿ–ಒಣಗಿಸಿ ಕಟ್ಟುವ ಕ್ರಮ ಅನುಸರಿಸಿದರೆ ಮೀಥೇನ್ ಕಡಿಮೆಯಾಗುತ್ತದೆ, ನೀರೂ ಉಳಿಯುತ್ತದೆ. ಕೂರಿಗೆಯಿಂದ ನೇರ ಬಿತ್ತನೆ ಮಾಡುವ ಭತ್ತಕ್ಕೂ ಇದೇ ಲಾಭವಿದೆ.

ಗಿರಣಿಗಳಲ್ಲಿ ಉಳಿಯುವ ಹೊಟ್ಟು ಬಾಯ್ಲರಿನ ಉರುವಲು. ಅದರ ಬೂದಿಯಲ್ಲಿ ಸಿಲಿಕಾ ಬಿಟ್ಟರೆ ಪೋಷಕಾಂಶ ಅಲ್ಪ. ಕಡಿಮೆ ಗಾಳಿಯಲ್ಲಿ ಸುಟ್ಟು ಇದ್ದಿಲಾಗಿಸಿದ ಹೊಟ್ಟು ಮಾತ್ರ ಮಣ್ಣಿನಲ್ಲಿ ಬಹುಕಾಲ ಉಳಿಯುವ ಇಂಗಾಲ ಕೊಡುತ್ತದೆ.

ತಿಪ್ಪೆ, ಎರೆಹುಳು ಮತ್ತು ಕುರಿಮಂದೆ

ಬಿಸಿಲಿಗೆ ತೆರೆದಿಟ್ಟ ತಿಪ್ಪೆಯಿಂದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಮಳೆಗೆ ಪೊಟ್ಯಾಷ್ ತೊಳೆದುಹೋಗುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾಮಾನ್ಯವಾಗಿ ಶೇ 0.5 ಸಾರಜನಕ, ಶೇ 0.2 ರಂಜಕ, ಶೇ 0.5 ಪೊಟ್ಯಾಷ್ ಇರುತ್ತದೆ. ಗುಂಡಿಯಲ್ಲಿ ತುಂಬಿ ಮೇಲೆ ಮಣ್ಣು ಮೆತ್ತಿದರೆ ಈ ಅಂಶ ಉಳಿಯುತ್ತದೆ. ಎರೆಹುಳು ಗೊಬ್ಬರದಲ್ಲಿ ಸಾರಜನಕ ಶೇ 1.5ರವರೆಗೆ ಇದ್ದರೂ ಬಳ್ಳಾರಿಯ ಬೇಸಿಗೆಯಲ್ಲಿ ನೆರಳು ಮತ್ತು ತೇವವಿಲ್ಲದೆ ಹುಳು ಬದುಕದು. ಅದಕ್ಕೆ ಚಪ್ಪರದಡಿ ತೊಟ್ಟಿ ಕಟ್ಟಿ ಗೋಣಿ ತಟ್ಟು ಹೊದಿಸುತ್ತಾರೆ. ಕಾಂಪೋಸ್ಟ್ ವಿಧಾನಗಳಿಗೆ ವೈಜ್ಞಾನಿಕ ರೂಪ ಕೊಟ್ಟವರಲ್ಲಿ ಆಲ್ಬರ್ಟ್ ಹೊವಾರ್ಡ್ ಪ್ರಮುಖರು. ಇಂದೋರಿನಲ್ಲಿ 1920ರ ದಶಕದಲ್ಲಿ ರೈತರ ರೂಢಿಯನ್ನೇ ಆಧಾರವಾಗಿಟ್ಟುಕೊಂಡು ಅವರು ರೂಪಿಸಿದ ಕ್ರಮ ಜಗತ್ತಿನ ಸಾವಯವ ಕೃಷಿಗೆ ತಳಹದಿಯಾಯಿತು.

ಹೊಲದಲ್ಲಿ ಕುರಿ ತರುಬಿಸುವುದು ಈ ಸೀಮೆಯ ಹಳೆಯ ಪದ್ಧತಿ. ಸುಗ್ಗಿ ಮುಗಿದ ಮೇಲೆ ಸಂಚಾರಿ ಕುರುಬರ ಹಿಂಡು ರಾತ್ರಿ ಹೊಲದಲ್ಲಿ ತಂಗುತ್ತದೆ. ರೈತ ಅದಕ್ಕೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಹಿಕ್ಕೆಯೂ ಗಂಜಲವೂ ಸಾಗಣೆಯ ಖರ್ಚಿಲ್ಲದೆ ನೇರ ನೆಲಕ್ಕೆ ಸೇರುತ್ತವೆ. ದನ ಕಡಿಮೆಯಾದ ಕಾಲದಲ್ಲಿ ಇದು ದೊಡ್ಡ ಆಸರೆ. ಆದರೆ ಕೂಳೆ ಸುಟ್ಟ, ಕಳೆನಾಶಕ ಹೊಡೆದ ಹೊಲಗಳಲ್ಲಿ ಕುರಿಗೆ ಮೇವು ಸಿಗದು. ಹಿಂಡುಗಳೂ ಅತ್ತ ಸುಳಿಯುವುದಿಲ್ಲ.

ಕೆರೆಯ ಹೂಳು ಮಸಾರಿ ಹೊಲಕ್ಕೆ ವರ. ಅದರ ಜೇಡಿ ಕೆಂಪು ಮಣ್ಣಿಗೆ ನೀರು ಹಿಡಿಯುವ ಶಕ್ತಿ ಕೊಡುತ್ತದೆ. ಮೊದಲೇ ಜೇಡಿ ತುಂಬಿದ ಎರೆ ಹೊಲಕ್ಕೆ ಅದನ್ನು ಹೇರುವುದರಿಂದ ಹೆಚ್ಚಿನ ಲಾಭವಿಲ್ಲ.

ಒಣಬೇಸಾಯ ಮತ್ತು ಮಣ್ಣಿನ ಸವಕಳಿ

ಮೇಲ್ಮಣ್ಣು ಕೊಚ್ಚಿಹೋದರೆ ಅದರಲ್ಲಿದ್ದ ಸಾವಯವ ಅಂಶವೂ ಹೋದಂತೆ. ಆಳವಾದ ಎರೆಯಲ್ಲಿ ಸಮಪಾತಳಿ ಒಡ್ಡು ಹಾಕಿದರೆ ಮೇಲ್ಬದಿಯಲ್ಲಿ ನೀರು ನಿಂತು ಬೆಳೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಬಿರಿದ ಒಡ್ಡು ಮೊದಲ ಮಳೆಗೇ ಒಡೆಯುತ್ತದೆ. ಆದ್ದರಿಂದ ಇಂಥ ನೆಲಕ್ಕೆ ಸಣ್ಣ ಇಳಿಜಾರಿನ ಒಡ್ಡು, ಹೆಚ್ಚುವರಿ ನೀರಿಗೆ ಹುಲ್ಲುಹಾದಿ, ಕೊನೆಯಲ್ಲಿ ಕೃಷಿಹೊಂಡ ಎಂಬ ಕ್ರಮ ಹೊಂದುತ್ತದೆ. ಇಳಿಜಾರಿಗೆ ಅಡ್ಡಲಾಗಿ ಬಿತ್ತನೆ, ಜೋಳದ ನಡುವೆ ಕಡಲೆ ಅಥವಾ ತೊಗರಿಯ ಅಕ್ಕಡಿ ಸಾಲು, ದಂಟು ಮತ್ತು ಸೊಪ್ಪಿನ ಹೊದಿಕೆ ಇದಕ್ಕೆ ಪೂರಕ. ಗ್ಲಿರಿಸಿಡಿಯಾ ಸೊಪ್ಪನ್ನು ಸಾಲುಗಳ ನಡುವೆ ಹರಡಿದರೆ ಎರೆ ಬಿರಿಯುವುದು ತಗ್ಗಿ ಹಿಂಗಾರಿ ಬೆಳೆಗೆ ತೇವ ಉಳಿಯುತ್ತದೆ.

ಕುರುಗೋಡು: ಮೆಣಸಿನಕಾಯಿ

ಕುರುಗೋಡಿನ ಸುತ್ತ ಭತ್ತದಷ್ಟೇ ಮುಖ್ಯವಾದ ಬೆಳೆ ಮೆಣಸಿನಕಾಯಿ. ಇಲ್ಲಿನ ಹಣ್ಣುಗಾಯಿ ಬ್ಯಾಡಗಿ ಮಾರುಕಟ್ಟೆಗೂ ಹೋಗುತ್ತದೆ. ಅತಿ ಹೆಚ್ಚು ಸಿಂಪಡಣೆ ಕಾಣುವ ಬೆಳೆಗಳಲ್ಲಿ ಇದೂ ಒಂದು. 2021ರಲ್ಲಿ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊಸ ನುಸಿ ಆಂಧ್ರ, ತೆಲಂಗಾಣ ಮತ್ತು ಬಳ್ಳಾರಿ ಸೀಮೆಯ ಹೂಗಳಿಗೆ ಮುತ್ತಿದಾಗ ಸಿಂಪಡಣೆ ಹೆಚ್ಚಿಸಿದವರೂ ಬೆಳೆ ಕಳೆದುಕೊಂಡರು.

ಈ ಬೆಳೆಯಲ್ಲಿ ಮಣ್ಣು ಸುಧಾರಣೆ ರೋಗ ನಿರ್ವಹಣೆಯೂ ಹೌದು. ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ ಶಿಲೀಂಧ್ರ ಬೆರೆಸಿ, ನೆರಳಿನಲ್ಲಿ ತೇವವಿಟ್ಟು ಒಂದೆರಡು ವಾರ ಬೆಳೆಸಿ ಸಾಲಿಗೆ ಹಾಕಿದರೆ ಸೊರಗು ರೋಗದ ಹಾವಳಿ ಕಡಿಮೆಯಾಗುತ್ತದೆ. ಬೇವಿನ ಹಿಂಡಿ ಜಂತುಹುಳುವಿಗೂ ಗೊಬ್ಬರಕ್ಕೂ ಆಗುತ್ತದೆ. ಹೊಲದಂಚಿಗೆ ನಾಲ್ಕೈದು ಸಾಲು ಜೋಳ ಅಥವಾ ಮೆಕ್ಕೆಜೋಳ, ನೀಲಿ ಅಂಟುಹಾಳೆ, ಮರುವರ್ಷ ದ್ವಿದಳ ಧಾನ್ಯ ಇವುಗಳನ್ನು ಜೊತೆಗೂಡಿಸಬೇಕು. ಸಿಂಪಡಣೆ ತಗ್ಗಿದರೆ ವಿಷದ ಉಳಿಕೆಯೂ ತಗ್ಗಿ ರಫ್ತಿಗೆ ಅನುಕೂಲವಾಗುತ್ತದೆ.

ಜೀವಾಮೃತದ ಚರ್ಚೆ

ನೈಸರ್ಗಿಕ ಕೃಷಿಯ ಪ್ರತಿಪಾದಕ ಸುಭಾಷ್ ಪಾಳೇಕರ್ ಅವರ ಶಿಬಿರಗಳಿಂದ ಕರ್ನಾಟಕದಲ್ಲಿ ಜೀವಾಮೃತ ಮನೆಮಾತಾಯಿತು. 200 ಲೀಟರ್ ನೀರಿಗೆ 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಸೇರಿಸಿ 48 ಗಂಟೆ ನೆರಳಿನಲ್ಲಿ ಹುದುಗಿಸಿದರೆ ಒಂದು ಎಕರೆಗೆ ಸಾಕು ಎಂಬುದು ಸೂತ್ರ. ಇದನ್ನು ಗೊಬ್ಬರವೆಂದು ತಿಳಿಯುವುದು ತಪ್ಪು. ಈ ಸಾಮಗ್ರಿಗಳಲ್ಲಿರುವ ಸಾರಜನಕ ಒಟ್ಟು ಕಾಲು ಕಿಲೋ ಆಸುಪಾಸು. ಎಕರೆಗೆ 35 ಚೀಲ ಕೊಡುವ ಭತ್ತದ ಬೆಳೆ ಹೀರುವುದು ಸುಮಾರು 40 ಕಿಲೋ. ಜೀವಾಮೃತ ಸೂಕ್ಷ್ಮಜೀವಿಗಳನ್ನು ಹುರಿದುಂಬಿಸುವ ಹೆಪ್ಪು. ಹೆಪ್ಪು ಹಾಕಲು ಹಾಲಿರಬೇಕಾದಂತೆ ಹೊಲದಲ್ಲಿ ಹೊದಿಕೆ, ಹಸಿರೆಲೆ, ಕಾಂಪೋಸ್ಟ್ ಇರಬೇಕು. ನೆರೆಯ ಆಂಧ್ರಪ್ರದೇಶದಲ್ಲಿ 2016ರಿಂದ ನಡೆದಿರುವ ನೈಸರ್ಗಿಕ ಕೃಷಿ ಕಾರ್ಯಕ್ರಮ ಇದನ್ನು ಅರಿತು ಮುಂಗಾರಿಗೆ ಮೊದಲೇ ಹಲವು ಕಾಳುಗಳನ್ನು ಬೆರೆಸಿ ಬಿತ್ತಿ ನೆಲವನ್ನು ಸದಾ ಹಸಿರಾಗಿಡುವುದಕ್ಕೆ ಒತ್ತು ಕೊಟ್ಟಿದೆ.

ಒಮ್ಮೆಲೇ ರಾಸಾಯನಿಕ ನಿಲ್ಲಿಸುವುದರ ಅಪಾಯವನ್ನು ಶ್ರೀಲಂಕಾ ಜಗತ್ತಿಗೆ ತೋರಿಸಿತು. 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದು ನಿಷೇಧಿಸಿ ಕೆಲವೇ ತಿಂಗಳಲ್ಲಿ ಹಿಂದೆ ಸರಿಯಿತು, ಆದರೂ ಭತ್ತದ ಇಳುವರಿ ಕುಸಿಯಿತು. ಸಾವಯವ ಗೊಬ್ಬರ ಹೆಚ್ಚಿಸುತ್ತ ರಾಸಾಯನಿಕವನ್ನು ಹಂತಹಂತವಾಗಿ ಇಳಿಸುವುದೇ ಕಾಲುವೆ ನೆಲಕ್ಕೆ ಸರಿಯಾದ ಕ್ರಮ.

ನಗರದ ಕಸ, ಕೈಗಾರಿಕೆಯ ಬೂದಿ

ಬಳ್ಳಾರಿ ನಗರದ ಹಸಿಕಸ, ಮಾರುಕಟ್ಟೆಯ ತರಕಾರಿ ತ್ಯಾಜ್ಯ ಸುತ್ತಲಿನ ಹೊಲಗಳಿಗೆ ಹತ್ತಿರದ ಇಂಗಾಲದ ಮೂಲ. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲಿಯೇ ಹಸಿಕಸ, ಒಣಕಸ ಬೇರ್ಪಡಿಸಬೇಕೆಂದು ಹೇಳಿದವು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರ ಕಾಂಪೋಸ್ಟಿನಲ್ಲಿ ಸಾವಯವ ಇಂಗಾಲ ಕನಿಷ್ಠ ಶೇ 12 ಇರಬೇಕು. ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಬ್ಯಾಟರಿ, ಬಲ್ಬು ಬೆರೆತ ಕಸದಿಂದ ಈ ಮಿತಿ ತಲುಪುವುದು ಕಷ್ಟ. ಬಳ್ಳಾರಿಯ ಜೀನ್ಸ್ ಉದ್ಯಮದಲ್ಲಿ ಬಟ್ಟೆ ತೊಳೆದು ಬಣ್ಣ ಹಾಕಿದ ನೀರಿನಲ್ಲಿ ಲವಣ ಮತ್ತು ರಾಸಾಯನಿಕಗಳಿರುತ್ತವೆ. ಸಂಸ್ಕರಿಸದೆ ಅದನ್ನು ಹೊಲಕ್ಕೆ ಹಾಯಿಸಿದರೆ ಸವಳಿಗೆ ಇನ್ನೊಂದು ದಾರಿಯಾಗುತ್ತದೆ.

ಬೂದಿದಿಬ್ಬದ ಕುಡತಿನಿಯಲ್ಲಿಯೇ ಇಂದು 1,700 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಕಲ್ಲಿದ್ದಲಿನ ಹಾರುಬೂದಿ ಸಾವಯವ ವಸ್ತುವಲ್ಲ. ಭಾರಲೋಹ ಇರಬಹುದಾದ್ದರಿಂದ ಪರೀಕ್ಷೆಯಿಲ್ಲದೆ ಅದನ್ನು ಮಣ್ಣಿಗೆ ಬೆರೆಸಬಾರದು.

ಸಂಸ್ಥೆಗಳು ಮತ್ತು ಯೋಜನೆಗಳು

ಹಗರಿ ಮತ್ತು ಸಿರುಗುಪ್ಪದ ಸಂಶೋಧನಾ ಕೇಂದ್ರಗಳು ಇಂದು ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವೂ ಹಗರಿಯಲ್ಲಿದೆ. ಕರ್ನಾಟಕ 2004ರಲ್ಲಿ ಸಾವಯವ ಕೃಷಿ ನೀತಿ ಪ್ರಕಟಿಸಿತು. 2013–14ರಲ್ಲಿ ‘ಸಾವಯವ ಭಾಗ್ಯ’ ಯೋಜನೆ ಬಂತು. ಕೇಂದ್ರ ಸರ್ಕಾರ 2015ರಲ್ಲಿ ಮಣ್ಣು ಆರೋಗ್ಯ ಚೀಟಿ ಮತ್ತು ಪರಂಪರಾಗತ ಕೃಷಿ ವಿಕಾಸ ಯೋಜನೆಗಳನ್ನು ಆರಂಭಿಸಿತು. 2024ರ ನವೆಂಬರಿನಲ್ಲಿ 2,481 ಕೋಟಿ ರೂಪಾಯಿಯ ರಾಷ್ಟ್ರೀಯ ನೈಸರ್ಗಿಕ ಕೃಷಿ ಅಭಿಯಾನಕ್ಕೆ ಒಪ್ಪಿಗೆ ದೊರೆಯಿತು. ರಫ್ತಿಗೆ ಬೇಕಾದ ಪ್ರಮಾಣೀಕರಣ 2001ರ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಡಿ ನಡೆಯುತ್ತದೆ. ಕಾಲುವೆಯ ಒಂದೇ ನೀರು ರಾಸಾಯನಿಕ ಬಳಸಿದ ಗದ್ದೆಯಿಂದ ಇನ್ನೊಂದಕ್ಕೆ ಹರಿಯುವ ಈ ಭಾಗದಲ್ಲಿ ಒಬ್ಬಂಟಿ ರೈತ ಪ್ರಮಾಣಪತ್ರ ಪಡೆಯುವುದು ಕಷ್ಟ. ಒಂದು ತೂಬಿನ ಕೆಳಗಿನವರೆಲ್ಲ ಗುಂಪಾಗಿ ಬಂದರೆ ಮಾತ್ರ ಸಾಧ್ಯ.

ಮಿತಿಗಳು ಮತ್ತು ಮುಂದಿನ ದಾರಿ

ಸಾವಯವ ಸುಧಾರಣೆಗೆ ಇರುವ ಮೊದಲ ಅಡ್ಡಿ ಗೇಣಿ ಪದ್ಧತಿ. ವರ್ಷದ ಗುತ್ತಿಗೆಗೆ ಗದ್ದೆ ಹಿಡಿದವನು ಐದು ವರ್ಷಕ್ಕೆ ಫಲ ಕೊಡುವ ಗೊಬ್ಬರಕ್ಕೆ ಹಣ ಹಾಕುವುದಿಲ್ಲ. ಎರಡನೆಯದು ಬೆಲೆ: ಸಬ್ಸಿಡಿ ಯೂರಿಯಾ ಅಗ್ಗ, ಕಾಂಪೋಸ್ಟ್ ಹೇರಿ ಹರಡುವ ಕೂಲಿ ದುಬಾರಿ. ಮೂರನೆಯದು ದನಕರುಗಳ ಕೊರತೆ.

ಇವುಗಳ ನಡುವೆಯೂ ಈ ಸೀಮೆಗೆ ಒಂದು ಅನುಕೂಲವಿದೆ. ಹುಲ್ಲು ಮಿಕ್ಕುವ ಸಿರುಗುಪ್ಪ, ಗೊಬ್ಬರ ಬೇಡುವ ಕುರುಗೋಡಿನ ಮೆಣಸಿನ ಹೊಲ, ಬಡವಾದ ಬಳ್ಳಾರಿ ಬಯಲಿನ ಎರೆ ಮೂರೂ ಒಂದೇ ಜಿಲ್ಲೆಯೊಳಗಿವೆ. ಸುಡುವ ಹುಲ್ಲನ್ನು ಮೇವಾಗಿಯೋ ಕಾಂಪೋಸ್ಟ್ ಆಗಿಯೋ ಒಣ ಹೊಲಗಳತ್ತ ಸಾಗಿಸುವ ವ್ಯವಸ್ಥೆ, ಪ್ರತಿ ಭತ್ತದ ಬೆಳೆಗೆ ಮುನ್ನ ಡಯಾಂಚ, ಸವಳು ನೆಲಕ್ಕೆ ಮೊದಲು ಬಸಿಗಾಲುವೆ: ಮಣ್ಣು ಉಳಿಸಲು ಬೇಕಾದ ತಿಳಿವಳಿಕೆ ಇಷ್ಟರಲ್ಲಿದೆ, ಹೊಸ ಸಂಶೋಧನೆಗೆ ಕಾಯಬೇಕಾಗಿಲ್ಲ. ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಾರದ ವರ್ಷವನ್ನು ನಷ್ಟದ ವರ್ಷವೆಂದು ಬಿಡದೆ, ಹಿಂದಿನ ತೇವದಲ್ಲಿ ಹೆಸರು, ಅಲಸಂದೆ ಬಿತ್ತಿ ನೆಲಕ್ಕೆ ವಿಶ್ರಾಂತಿ ಕೊಡುವುದರಿಂದ ರೈತರು ಈ ಕೆಲಸ ಆರಂಭಿಸಬಹುದು.